ಕೊಳಕು ಪ್ಯಾನಲ್ ಗೆದ್ದ ಹನ್ನೊಂದು ದಿನ

ಬಡವನಹಳ್ಳಿಯ ಚೈತ್ರ ಸುಲಭಕ್ಕೆ ಬೆಚ್ಚಿಬೀಳುವ ಹುಡುಗಿಯಲ್ಲ. ಅವಳು ಹೈಸ್ಕೂಲಿನಲ್ಲಿದ್ದಾಗ ಅಪ್ಪ ನಂದೀಶ್ವರಯ್ಯನ ಹಿಟ್ಟಿನ ಮಿಲ್ಲಿನ ಬೆಲ್ಟು ಒಂದು ಸಲ ಕಿತ್ತು ಹಾರಿ ಗೋಡೆಗೆ ಬಡಿದಿತ್ತು. ಆ ಸದ್ದಿಗೆ ಊರಿನ ಅರ್ಧ ನಾಯಿಗಳು ದೊಡ್ಡೇರಿಯ ತನಕ ಓಡಿಹೋಗಿ, ವಾರ ಕಳೆದ ಮೇಲೆ ನಾಚಿಕೊಂಡು ವಾಪಸು ಬಂದವು. ಚೈತ್ರ ಮಾತ್ರ ನಿಂತಲ್ಲೇ ನಿಂತು, ಬೆಲ್ಟು ಆ ಗೋಡೆಗೇ ಯಾಕೆ ಹೋಯಿತು, ಈ ಗೋಡೆಗೆ ಯಾಕೆ ಬರಲಿಲ್ಲ ಎಂದು ಯೋಚಿಸುತ್ತಿದ್ದಳು. ಅಂಥವಳು ಫಿಸಿಕ್ಸ್ ಓದದೆ ಇನ್ನೇನು ಓದಿಯಾಳು? ಮಧುಗಿರಿಯಲ್ಲಿ ಬಿ.ಎಸ್ಸಿ. ಮುಗಿಸಿ ತುಮಕೂರಿನಲ್ಲಿ ಎಂ.ಎಸ್ಸಿ. ಅಪ್ಲೈಡ್ ಫಿಸಿಕ್ಸಿಗೆ ಸೇರಿದಳು.

ಸೇರಿದಂದಿನಿಂದ ದಿನಾ ಬೆಳಿಗ್ಗೆ ಆರೂಮುಕ್ಕಾಲರ ಬಸ್ಸು. ಮಧುಗಿರಿಯಲ್ಲಿ ಕೋರ್ಟು ಕಚೇರಿಯವರು ಹತ್ತಿಕೊಂಡರೆ ಕೊರಟಗೆರೆಯ ತನಕ ಎರಡನೇ ಕಾಲು ಊರುವುದಕ್ಕೆ ಜಾಗವಿರುತ್ತಿರಲಿಲ್ಲ. ಒಂದೇ ವಸ್ತು ಏಕಕಾಲಕ್ಕೆ ಎರಡು ಕಡೆ ಇರಬಲ್ಲದು ಎಂಬ ಪಾಠ ಅವಳಿಗೆ ಪುಸ್ತಕಕ್ಕಿಂತ ಮೊದಲು ಆ ಬಸ್ಸಿನಲ್ಲೇ ಅರ್ಥವಾಗಿತ್ತು. ಊರಿನವರಿಗೆ ಮಾತ್ರ ಅವಳು ಓದುವುದೇನೆಂದು ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಪಕ್ಕದ ಮನೆಯ ರಂಗರಾಜು ಕೆಟ್ಟ ಫ್ಯಾನು ಹೊತ್ತು ತಂದು, "ಎರಡು ವರ್ಷ ಓದಿದ್ದೀಯಲ್ಲಮ್ಮ, ಇದನ್ನೊಂದು ನೋಡ್ಬುಡು" ಎಂದು ಜಗುಲಿಯ ಮೇಲಿಟ್ಟು ಹೋಗಿದ್ದ.

ಕೊನೆಯ ಸೆಮಿಸ್ಟರಿನಲ್ಲಿ ಅವಳ ಪ್ರಾಜೆಕ್ಟು ಬಲು ಸರಳ. ಮನೆಯ ಮಾಳಿಗೆಯ ಮೇಲೆ ಎರಡು ಸೋಲಾರ್ ಪ್ಯಾನಲ್. ಒಂದನ್ನು ದಿನಾ ಒರೆಸಬೇಕು, ಇನ್ನೊಂದನ್ನು ಅರವತ್ತು ದಿನ ಮುಟ್ಟಲೇಬಾರದು. ಧೂಳು ಕೂತ ಹಾಗೆ ಕರೆಂಟು ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕು. ಅಳೆಯುವ ಡಬ್ಬಿ ಹತ್ತು ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುತ್ತಿತ್ತು. ಅರವತ್ತು ದಿನ ತುಂಬಿದ ಮೇಲೆ ಅದರ ಕಾರ್ಡು ತೆಗೆದು ನೋಡುವುದು. ಧೂಳಿಗೆ ಬಡವನಹಳ್ಳಿಯಲ್ಲಿ ಬರವಿರಲಿಲ್ಲ. ಒಂದು ಲಾರಿ ಹೋದರೆ ಎದುರು ಮನೆ ಅರ್ಧ ದಿನ ಕಾಣಿಸದು.

ಜನವರಿಯಲ್ಲಿ ಚೈತ್ರ ಮನೆಮಂದಿಯನ್ನೆಲ್ಲ ಮಾಳಿಗೆಗೆ ಹತ್ತಿಸಿ ಬಲಗಡೆಯ ಪ್ಯಾನಲ್ ತೋರಿಸಿ ಹೇಳಿದಳು. "ಇದನ್ನ ಯಾರೂ ಮುಟ್ಟಬಾರದು. ಒರೆಸಬಾರದು, ನೀರು ಚಿಮುಕಿಸಬಾರದು, ಇಬತ್ತಿ ಹಚ್ಚಬಾರದು."

ಕೊನೆಯ ಮಾತು ಅಜ್ಜಿ ಜಗದಾಂಬಮ್ಮನ ಕಡೆ ನೋಡಿಕೊಂಡು ಹೇಳಿದ್ದು. ಎಪ್ಪತ್ತೆಂಟರ ಜಗದಾಂಬಮ್ಮ ಮನೆಯಲ್ಲಿನ ಯಾವ ವಸ್ತುವಿಗೂ ಇಬತ್ತಿ ತಪ್ಪಿಸಿದವಳಲ್ಲ. ಗ್ಯಾಸ್ ಸಿಲಿಂಡರಿಗೂ ಮೂರು ಪಟ್ಟೆ ಎಳೆದೇ ಒಳಗೆ ಬಿಡುವುದು.

"ಆಯ್ತು ಬುಡವ್ವ. ನಾನ್ಯಾಕೆ ಮುಟ್ಟಲಿ?" ಎಂದಿದ್ದಳು ಅಜ್ಜಿ.

ಅರವತ್ತು ದಿನ ಕಳೆಯಿತು. ಮಾರ್ಚಿನ ಒಂದು ಗುರುವಾರ ಚೈತ್ರ ಕಾರ್ಡು ತೆಗೆದುಕೊಂಡು ಹೋಗಿ ಲ್ಯಾಬಿನ ಕಂಪ್ಯೂಟರಿಗೆ ಹಾಕಿ, ದಿನದ ಮೊತ್ತಗಳ ಪಟ್ಟಿ ತೆಗೆದಳು. ಮೊದಲ ಸಾಲುಗಳೆಲ್ಲ ಹೇಳಿ ಮಾಡಿಸಿದ ಹಾಗಿದ್ದವು. ಆಮೇಲೆ ಒಂದು ಸಾಲಿಗೆ ಬಂದು ಕಣ್ಣು ನಿಂತಿತು. ಎದೆ ಡವಗುಟ್ಟಿದ ಸದ್ದು ಪಕ್ಕದ ಕೆಮಿಸ್ಟ್ರಿ ವಿಭಾಗದಲ್ಲಿ ಗಾಜಿನ ಸಾಮಾನು ಅಲುಗಾಡಿಸಿರಬೇಕು. ಅಂದು, ದಿನಾ ಒರೆಸಿದ ಪ್ಯಾನಲ್ ಕೊಟ್ಟದ್ದಕ್ಕಿಂತ ಒರೆಸದ ಪ್ಯಾನಲ್ ಮೂರು ಪಟ್ಟು ಕೊಟ್ಟಿತ್ತು. ಅಂಥ ದಿನ ಒಂದಲ್ಲ. ಎಣಿಸಿದಳು, ಹನ್ನೊಂದು.

ಗೈಡ್ ಪ್ರಭುದೇವ್ ಸಾರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು. ಅಂಕಿ ಬದಲಾಗಲಿಲ್ಲ.

"ಇದೇನಮ್ಮ ಇದು?"

"ಡಾಟಾ ಸಾರ್."

"ಡಾಟಾ ಅಂತ ನನಗೂ ಕಾಣುತ್ತೆ. ಕೊಳಕು ಪ್ಯಾನಲ್ ಜಾಸ್ತಿ ಕರೆಂಟ್ ಕೊಟ್ಟಿದೆ. ಹಂಗಾದ್ರೆ ಪಾವಗಡದ ಸೋಲಾರ್ ಪಾರ್ಕಿನವರಿಗೆ ಒಂದು ಫೋನ್ ಮಾಡಿಬಿಡೋಣ್ವಾ? ಅಷ್ಟು ಸಾವಿರ ಎಕರೆ ಪ್ಯಾನಲ್ ಒರೆಸೋದು ದಂಡ, ಎಲ್ಲದರ ಮೇಲೂ ಒಂದೊಂದು ಲಾರಿ ಮಣ್ಣು ಸುರಿದುಬಿಡಿ ಅಂತ?"

ಸಾರ್ ಪಟ್ಟಿಯನ್ನು ಅವಳ ಕಡೆ ತಳ್ಳಿದರು.

"ಇದನ್ನ ಬಸ್ಸಲ್ಲಿ ಕೂತು ಬರೆದ್ಯಾ? ನಿಜ ಹೇಳು."

"ಬಸ್ಸಲ್ಲಿ ಕೂರೋಕೆ ಸೀಟೇ ಸಿಗಲ್ಲ ಸಾರ್."

ಸಾರ್ ನಗಲಿಲ್ಲ. "ಸೋಮವಾರ ಸಮಿತಿ ಇದೆ. ಈ ಹನ್ನೊಂದು ದಿನ ಏನಾಯ್ತು ಅಂತ ಅಷ್ಟರಲ್ಲಿ ಹೇಳಬೇಕು. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ. ಮುಂದಿನ ವರ್ಷ ಮತ್ತೆ ಮೊದಲಿಂದ ಮಾಡು."

ವರ್ಷ ಹೋಗುವುದು ಒಂದು ಕಡೆ. ಸುಳ್ಳು ಅಂಕಿ ಬರೆದವಳು ಎಂದು ಸಾರ್ ಅಂದುಕೊಂಡರಲ್ಲ, ಅದಕ್ಕೆ ಅವಳಿಗೆ ಅಳು ಬಂತು. ಹೊರಗೆ ಬಂದಾಗ ಸಹಪಾಠಿ, ಶಿರಾದ ಸುಹೇಲ್, ಕಾಯುತ್ತಿದ್ದ.

"ಅಳೋದ್ಯಾಕೆ? ಹನ್ನೊಂದು ದಿನ ಮೋಡ ಇತ್ತು ಅಂತ ಬರೆದು ತೆಗೆದುಹಾಕು. ಮೋಡ ಬಂದು ಸಾಕ್ಷಿ ಹೇಳುತ್ತಾ?"

"ನಮ್ಮ ಸೀಮೇಲಿ ಹನ್ನೊಂದು ದಿನ ಮೋಡ ಬಂದಿದ್ರೆ ಊರೋರೆಲ್ಲ ಹೋಳಿಗೆ ಮಾಡ್ಕೊಂಡು ತಿಂದಿರೋರು. ಸುಮ್ನಿರು ಮಾರಾಯ" ಎಂದಳು. ಬರೆದುಬಿಟ್ಟರೆ ಎಷ್ಟು ಸುಲಭ ಎಂದು ಮಾತ್ರ ಬಸ್ಸಿಳಿಯುವ ತನಕ ಅನ್ನಿಸುತ್ತಲೇ ಇತ್ತು.

ಶುಕ್ರವಾರ ಅವಳು ತುಮಕೂರಿಗೆ ಹೋಗಲಿಲ್ಲ. ಯಾರಿಗೂ ಹೇಳದೆ ಎಂದಿನಂತೆ ಎಡಗಡೆಯ ಪ್ಯಾನಲ್ ಒರೆಸಿ, ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಳು. ಏಳಾಯಿತು, ಎಂಟಾಯಿತು. ಒಂದು ಕಾಗೆ ಬಂದು ಹೋಯಿತು. ಬಿಸಿಲು ಏರಿ ತಲೆಯ ಮೇಲೆ ದೋಸೆ ಹುಯ್ಯುವ ಹಾಗಾಯಿತು. ಹತ್ತು ಗಂಟೆಗೆ ಮೆಟ್ಟಿಲಲ್ಲಿ ಅಜ್ಜಿಯ ಏದುಸಿರು ಕೇಳಿಸಿತು. ಕಂಕುಳಲ್ಲಿ ಬೇಸಿನ್ನು, ಹೆಗಲ ಮೇಲೆ ಒದ್ದೆ ಪಂಚೆ. ನೆಟ್ಟಗೆ ಎಡಗಡೆಯ ಪ್ಯಾನಲ್ಲಿನ ಹತ್ತಿರ ಹೋದವಳು ಪಂಚೆ ಕೊಡವಿ ಅದರ ಮೇಲೆ ಹಾಸತೊಡಗಿದಳು. ಚೈತ್ರ ಟ್ಯಾಂಕಿಗೆ ಇನ್ನಷ್ಟು ಅಂಟಿ ಕೂತಳು.

ಅಜ್ಜಿ ತಿರುಗಿಯೂ ನೋಡದೆ ಕೂಗಿದಳು. "ಆ ಬಿಸ್ಲಲ್ಲಿ ಯಾಕವ್ವ ಕುಂತಿದ್ದೀಯಾ? ಬಾ, ಈ ತುದಿ ಹಿಡ್ಕ."

ಚೈತ್ರ ಎದ್ದುಬಂದಳು. "ಅಜ್ಜಿ... ಏನ್ ಮಾಡ್ತಿದ್ದೀಯಾ?"

"ಕಾಣಾಕಿಲ್ವಾ? ಹಪ್ಪಳ ಒಣಗಾಕ್ತಿದ್ದೀನಿ."

"ಇದನ್ನ ಮುಟ್ಟಬೇಡ ಅಂದಿರಲಿಲ್ವಾ?"

"ಇದನ್ನೆಲ್ಲಿ ಅಂದೆ? ಆ ಬಲಗಡೇದು ಮುಟ್ಬೇಡ ಅಂದೆ. ಅದರ ತಾವಕ್ಕೆ ನನ್ನ ನೆಳ್ಳೂ ಬಿಟ್ಟಿಲ್ಲ ಕಣವ್ವ, ನೋಡ್ಕ ಬೇಕಾದ್ರೆ." ಅಜ್ಜಿಯ ದನಿಯಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. "ಇದು ನೆಲದ ಮೇಲಿಲ್ಲ, ಇರುವೆ ಹತ್ತಾಕಿಲ್ಲ. ಮಿರಮಿರ ಮಿಂಚ್ತದೆ, ಕಾಗೆ ಬರಾಕಿಲ್ಲ. ಕೆಳಗಿಂದ ಬೇರೆ ಕಾವು. ನೀನು ದಿನಾ ಬಸ್ಸಿಗೋಗೋ ಆತುರದಲ್ಲೂ ಒರೆಸಿಟ್ಟೋಯ್ತಿದ್ದೀಯಲ್ಲ, ನನಗೇ ಅಂತ ಅಂದ್ಕಂಡೆ. ನನ್ನ ಮೊಮ್ಮಗಳು ನನ್ನ ಹಪ್ಪಳಕ್ಕೆ ಅಂತ ದಿನಾ ಗಾಜು ಒರೆಸಿ ಓಯ್ತಾಳೆ ಅಂತ ಊರಿಗೆಲ್ಲ ಹೇಳಿದ್ದೀನಿ."

ಚೈತ್ರ ಮಾಳಿಗೆಯ ಮೇಲೆ ಕೂತುಬಿಟ್ಟಳು. ಪ್ಯಾನಲ್ಲಿನ ಒಳಗಿನ ಚೌಕಗಳು ಒಂದರ ಕೈ ಒಂದು ಹಿಡಿದು ನಿಂತಂತೆ. ಒಂದಕ್ಕೆ ಬಿಸಿಲು ತಪ್ಪಿದರೂ ಸಾಲಿಗೆ ಸಾಲೇ ಮಂಕು. ಅಜ್ಜಿ ಅಷ್ಟಕ್ಕೂ ಪಂಚೆ ಹೊದಿಸಿದ್ದಳು. ಅಮ್ಮನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ರಂಗರಾಜುವಿಗೂ ಗೊತ್ತಿತ್ತು. ಆರೂಮುಕ್ಕಾಲಕ್ಕೆ ಹೋಗಿ ಕತ್ತಲಾದ ಮೇಲೆ ಬರುವವಳಿಗೆ ಮಾತ್ರ ಗೊತ್ತಿರಲಿಲ್ಲ. ಭಾನುವಾರ ಅವಳು ಮನೆಯಲ್ಲಿದ್ದರೂ ಅಂದು ಮಾಳಿಗೆಯ ತುಂಬ ಬಟ್ಟೆ ಒಗೆದು ಹಾಕುವುದರಿಂದ ಹಪ್ಪಳಕ್ಕೆ ರಜೆ.

ಪ್ರಭುದೇವ್ ಸಾರ್‌ಗೆ ಫೋನು ಮಾಡಿದಳು. "ಕಾರಣ ಸಿಕ್ತು ಸಾರ್. ಹಪ್ಪಳ."

ಸಾರ್ ಎರಡು ಸಲ ಹಲೋ ಹಲೋ ಎಂದರು.

"ಹಪ್ಪಳ ಅಂದ್ರೆ... ತಿನ್ನೋದಾ?"

"ಹೂಂ ಸಾರ್."

"ಚೈತ್ರ, ನಾನು ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ. ನಾಯಿ ತಿಂದ ರೆಕಾರ್ಡ್ ನೋಡಿದ್ದೀನಿ, ಕೆರೆಗೆ ಬಿದ್ದ ರೆಕಾರ್ಡ್ ನೋಡಿದ್ದೀನಿ. ನಾಳೆ ಶಿರಾಕ್ಕೆ ಮದುವೆಗೆ ಹೋಗೋನಿದ್ದೀನಿ. ಸುತ್ತಾದ್ರೂ ಮಧುಗಿರಿ ಮೇಲೆ ಬಂದು ನಿಮ್ಮೂರಲ್ಲಿ ಇಳೀತೀನಿ. ನೀನು ಪಟ್ಟಿ ಮನೇಲಿ ಯಾರಿಗೂ ತೋರಿಸಬೇಡ."

ಶನಿವಾರ ಬಂದರು. ಮದುವೆಯ ಶರಟು ಹಾಕಿಕೊಂಡು, ಬಗಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪಡಸಾಲೆಯಲ್ಲಿ ಅಜ್ಜಿಯ ಎದುರು ಕೂತರು. ಚೈತ್ರಳ ಅಮ್ಮ ಪುಷ್ಪಾವತಿ ಕಾಫಿ ತಂದಳು. ಸಾರ್ ಮುಟ್ಟಲಿಲ್ಲ. ಚೈತ್ರ ಗೋಡೆಗೆ ಅಂಟಿಕೊಂಡು ನಿಂತಳು.

"ಅಮ್ಮಾ, ಈ ಎರಡು ತಿಂಗಳಲ್ಲಿ ಯಾವ್ಯಾವ ದಿನ ಆ ಗಾಜಿನ ಮೇಲೆ ಹಪ್ಪಳ ಹಾಕಿದ್ದೀರಿ? ನೆನಪಿದೆಯಾ?"

"ತಾರೀಕೆಲ್ಲ ನನಗೆಲ್ಲಿ ಬರಬೇಕು ಮೇಷ್ಟ್ರೇ. ಯಾರಿಗೆ ಮಾಡಿದ್ದು ಅಂತ ಹೇಳ್ತೀನಿ, ಇವಳು ಲೆಕ್ಕ ಹಾಕ್ಲಿ" ಎಂದು ಸೊಸೆಯನ್ನು ತೋರಿಸಿದಳು. ಪುಷ್ಪಾವತಿ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತಳು.

"ಶಿವರಾತ್ರಿ ಆಗಿ ಎರಡನೇ ದಿನ, ಕದರಪ್ಪನ ಮಗಳ ಸೀಮಂತಕ್ಕೆ ಅಂತ ಇನ್ನೂರು."

"ಫೆಬ್ರವರಿ ಇಪ್ಪತ್ತೆಂಟು" ಎಂದಳು ಪುಷ್ಪಾವತಿ.

ಸಾರ್ ಪಟ್ಟಿಯ ಮೇಲೆ ಬೆರಳಾಡಿಸಿದರು. ಪೆನ್ನಿನಿಂದ ಒಂದು ಗುರುತು ಹಾಕಿದರು.

"ಆಚೆ ಬೀದಿ ದಾಸಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರ್ಕಂಡಳಲ್ಲ, ಅದರ ಮಾರನೆ ದಿನ. ಅವಳ ಪಾಲಿನದೂ ನಾನೇ ಮಾಡಿದ್ದು."

"ಫೆಬ್ರವರಿ ಹನ್ನೊಂದು."

ಇನ್ನೊಂದು ಗುರುತು. ಅಜ್ಜಿ ಹೇಳುತ್ತಾ ಹೋದಳು. ನೆಂಟರು, ಬಾಣಂತಿಯರು, ಜಗಳ, ರಾಜಿ, ಒಂದು ಎಮ್ಮೆ ಕರು ಹಾಕಿದ್ದು, ಎಲ್ಲಕ್ಕೂ ಹಪ್ಪಳದ ಲೆಕ್ಕವಿತ್ತು. ಅವಳ ತಲೆಯೊಳಗಿನ ಪಂಚಾಂಗ ತುಮಕೂರಿನ ಕಂಪ್ಯೂಟರುಗಳನ್ನೆಲ್ಲ ಒಟ್ಟಿಗೆ ಕಟ್ಟಿ ಬಾವಿಗೆ ಹಾಕುವಂತಿತ್ತು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಒಂದೂ ತಪ್ಪಲಿಲ್ಲ. ಹನ್ನೊಂದನೇ ಗುರುತು ಹಾಕಿ ಸಾರ್ ಪೆನ್ನು ನಿಲ್ಲಿಸಿದರು. ಚೈತ್ರ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಇನ್ನೊಂದು ದಿನ ಅದೆ" ಎಂದಳು ಅಜ್ಜಿ.

ಚೈತ್ರ ಮತ್ತೆ ಗೋಡೆಗೆ ಅಂಟಿಕೊಂಡಳು. "ಇಲ್ಲ ಅಜ್ಜಿ, ಸಾಕು. ಹನ್ನೊಂದೇ."

"ಹನ್ನೆರಡು ಕಣೆ. ಹಾಕಿದೋಳು ನಾನಾ ನೀನಾ? ಮಾರ್ಚಿ ಮೊದಲ ಗುರುವಾರ. ಬರಿಯವ್ವ ಪುಷ್ಪ."

"ಮಾರ್ಚ್ ಆರು."

ಸಾರ್ ಪಟ್ಟಿ ನೋಡಿದರು. ಆ ದಿನ ಒರೆಸಿದ ಪ್ಯಾನಲ್ಲೇ ಮುಂದಿತ್ತು. "ಇಲ್ಲಮ್ಮ. ಆವತ್ತು ಹಾಕಿಲ್ಲ ನೀವು."

"ಹಾಕಿದ್ದೀನಿ ಮೇಷ್ಟ್ರೇ."

"ಯೋಚನೆ ಮಾಡಿ ಹೇಳಿ."

"ಯೋಚನೆ ಏನು ಬಂತು? ಹತ್ತು ಗಂಟೆ ಬಸ್ಸು ಹಾರ್ನ್ ಹೊಡೀತು, ನಾನು ಮೇಲೆ ಹತ್ತಿ ಹಾಸ್ದೆ. ಅರ್ಧ ಗಂಟೆ ಆಗಿತ್ತೋ ಇಲ್ವೋ, ಎಲ್ಲಿತ್ತೋ ಏನೋ, ಆಕಾಶ ಕಪ್ಪು ಮಾಡ್ಕಂಡು ಬಂತು. ಎತ್ಕಂಡು ಇಳಿದುಬುಟ್ಟೆ. ಮಳೆನೂ ಬರಲಿಲ್ಲ, ಹಪ್ಪಳನೂ ಒಣಗಲಿಲ್ಲ. ಅವತ್ತು ಬೈಕಂಡಷ್ಟು ನಾನು ಯಾರನ್ನೂ ಬೈಕಂಡಿಲ್ಲ."

ಸಾರ್ ಲ್ಯಾಪ್‌ಟಾಪ್ ತೆರೆದರು. ಪಟ್ಟಿಯಲ್ಲಿದ್ದುದು ದಿನದ ಮೊತ್ತ ಮಾತ್ರ. ಹತ್ತು ಹತ್ತು ನಿಮಿಷದ ಅಂಕಿ ಅದರೊಳಗಿತ್ತು. ಮಾರ್ಚ್ ಆರನ್ನು ಹುಡುಕಿ ಪರದೆಯ ಮೇಲೆ ಹಿಡಿದರು. ಹತ್ತು ಇಪ್ಪತ್ತು, ಹತ್ತೂವರೆ, ಹತ್ತು ನಲವತ್ತು. ಮೂರು ಚುಕ್ಕೆಗಳಲ್ಲಿ ಒರೆಸಿದ ಪ್ಯಾನಲ್ ಮಾತ್ರ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಹತ್ತು ಐವತ್ತಕ್ಕೆ ಎರಡೂ ಒಟ್ಟಿಗೆ ಇಳಿದಿದ್ದವು. ಮೋಡ.

ಸಾರ್ ಕನ್ನಡಕ ತೆಗೆದರು. ಬೆಚ್ಚಿಬಿದ್ದವರ ಮುಖ ಹೇಗಿರುತ್ತದೆಂದು ಚೈತ್ರ ಅಂದು ಹತ್ತಿರದಿಂದ ನೋಡಿದಳು.

"ಚೈತ್ರ, ಇದು ನಿನಗೆ ಗೊತ್ತಿತ್ತಾ?"

"ಇಲ್ಲ ಸಾರ್. ನಾನು ನೋಡೇ ಇಲ್ಲ."

"ನಾನೂ ನೋಡಿರಲಿಲ್ಲ." ಅವರು ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. "ಬಸ್ಸಲ್ಲಿ ಬರೆದ್ಯಾ ಅಂದೆನಲ್ಲ, ಅದು ನನ್ನ ತಪ್ಪು. ಹನ್ನೆರಡು ದಿನ ಬಿಡೋಣ. ನಲವತ್ತೆಂಟು ದಿನ ಸಾಕು. ಸೋಮವಾರ ಬಾ."

ಪಟ್ಟಿಯ ಕೆಳಗೆ ಬಿಟ್ಟ ದಿನಗಳನ್ನು ಬರೆದು, ಪಕ್ಕದಲ್ಲಿ ಕಾರಣ ಬರೆಯುತ್ತಾ ಗಟ್ಟಿಯಾಗಿ ಓದಿದರು. "ಕಾರಣ, ಪ್ಯಾನಲ್ ಮೇಲೆ ನೆರಳು."

"ನೆಳ್ಳಾ?" ಅಜ್ಜಿ ಸೆಟೆದು ಕೂತಳು. "ಎಲ್ಲಿಂದ ಬಂತು ನೆಳ್ಳು? ನಾನೇನು ಹುಣಸೇಮರಾನಾ? ಹಪ್ಪಳ ಅಂತ ಬರೀರಿ ಮೇಷ್ಟ್ರೇ."

ಸಾರ್ ಚೈತ್ರಳ ಕಡೆ ನೋಡಿದರು. ಸಮಿತಿಯ ಐದು ಜನ ಪ್ರೊಫೆಸರುಗಳ ಮುಖ ಅವಳ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿತು. ಆದರೂ ತಲೆಯಾಡಿಸಿದಳು. ಸಾರ್ ನೆರಳನ್ನು ಹೊಡೆದುಹಾಕಿ, ಹಪ್ಪಳ ಎಂದು ದುಂಡಗೆ ಬರೆದು, ಸಹಿ ಮಾಡಿ, ತಾರೀಕು ಹಾಕಿದರು.

"ಅಕ್ಕಿದು ಅಂತ ಹಾಕಿದ್ರಾ?" ಎಂದಳು ಅಜ್ಜಿ. "ಉದ್ದಿಂದು ನಾನು ಮಾಡಾಕಿಲ್ಲ."