ಬುತ್ತಿ ಬರದ ದಿನ ಭಾಗವ್ವ ಬಸ್ಸು ಬಿಡುತ್ತಾಳೆ

ಬೆಳಗಿನ ಐದು ಗಂಟೆ. ಮುಧೋಳದ ಮೋಟಾರ್ ಸ್ಟ್ಯಾಂಡಿನಲ್ಲಿ ಬಾಗಲಕೋಟೆಯ ಬಸ್ಸು ಕೆಮ್ಮಿ ಕೆಮ್ಮಿ ಎಚ್ಚರಾಗುತ್ತಿದೆ. ಅದರ ಮಗ್ಗುಲಿಗೆ ಗೋಣಿತಟ್ಟು ಹಾಸಿ ಕುಳಿತ ಭಾಗವ್ವ ಬುತ್ತಿಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಾಳೆ. ಬಾಗಲಕೋಟೆಯಲ್ಲಿ ಕೋಣೆ ಹಿಡಿದು ಕಾಲೇಜು ಓದುವ ಈ ಸುತ್ತಿನ ಮಕ್ಕಳಿಗೆ ಅವರವರ ತಾಯಂದಿರು ಕಟ್ಟಿಕೊಟ್ಟ ಒಣ ಕಟಕರೊಟ್ಟಿ, ಶೇಂಗಾಹಿಂಡಿಯ ಚಟ್ನಿಪುಡಿ ಅವುಗಳಲ್ಲಿವೆ. ಇವನ್ನು ಹೊತ್ತೊಯ್ದು ಮುಟ್ಟಿಸಿ, ಹಿಂದಿನ ಸಲದ ಖಾಲಿ ಅರಿವೆ ತಿರುಗಿ ತರುವುದು ಆಕೆಯ ಕಸುಬು.

ಭಾಗವ್ವ ಕಾಗದ ಓದಲಾರಳು, ಗಂಟು ಓದಬಲ್ಲಳು. ಸೀರೆಯ ಅಂಚಿನ ತುಂಡಿನಲ್ಲಿ ಕಟ್ಟಿದ್ದು ರಬಕವಿಯ ನೇಕಾರ ಶಿದ್ರಾಮಪ್ಪನ ಮಗಳು ಶೇವಂತಿಯದು. ಹಳೆಯ ರುಮಾಲಿನದು ಜಮಖಂಡಿಯದು. ಒಟ್ಟು ಇಪ್ಪತ್ತಮೂರು ಮನೆ, ವಾರಕ್ಕೆ ಮೂರು ಸರ್ತಿ, ಗಂಟಿಗೆ ಕಡಿಮೆಯೆಂದರೂ ಹನ್ನೆರಡು ರೊಟ್ಟಿ. ಆರು ವರ್ಷದಿಂದ ಇದೇ ನಡೆದಿದೆ. ಈ ಮನೆಗಳಲ್ಲಿ ಕಾಲೇಜಿನ ಮುಖ ಕಂಡವರು ಈ ಮಕ್ಕಳೇ ಮೊದಲು. ಸುಗ್ಗಿಯಲ್ಲಿ ಮನೆಗಿಷ್ಟು ಜೋಳ ಅಳೆದು ಕೊಡುತ್ತಾರೆ, ಅದೇ ಆಕೆಯ ಸಂಬಳ.

ಇವತ್ತು ಕರಿಕಂಬಳಿ ತುಂಡಿನ ಗಂಟು ಬಂದಿಲ್ಲ. ಬೀಳಗಿ ದಾರಿಯ ಹಟ್ಟಿಯ ಕುರಿಗಾರ ಪಾಂಡಪ್ಪನ ಮಗ ಲಗಮಣ್ಣನ ಬುತ್ತಿ ಅದು. ದೀಪಾವಳಿ ರಜೆ ಮುಗಿದು ಕಾಲೇಜು ಶುರುವಾಗಿ ವಾರ ಕಳೆಯಿತು. ಗಂಟು ತಪ್ಪಿದ್ದು ಇದು ಮೂರನೆಯ ಸಲ.

"ಬುತ್ತಿ ಬರಲಿಲ್ಲಂದ್ರ ಉಣ್ಣಾಂವ ಅಲ್ಲಿಲ್ಲ, ಮನ್ಯಾಗ ಅದಾನ ಅಂತ ತಿಳಕೋಬೇಕ್ರೀ," ಎನ್ನುತ್ತ ಆಕೆ ಉಳಿದ ಗಂಟುಗಳನ್ನು ಕಂಡಕ್ಟರಿಗೆ ಒಪ್ಪಿಸುತ್ತಾಳೆ. "ಬಸ್ಸು ಸರ್ಕಾರದ್ದೋ ನಿಮ್ಮದೋ ಭಾಗವ್ವ?" ಎಂದು ಅವನು ಗೊಣಗಿದರೂ ಗಂಟುಗಳನ್ನು ಜೋಪಾನವಾಗಿಯೇ ಇಟ್ಟುಕೊಳ್ಳುತ್ತಾನೆ. ಬಸ್ಸು ಹೋದ ಮೇಲೆ ಭಾಗವ್ವ ಬೀಳಗಿ ದಾರಿ ಹಿಡಿಯುತ್ತಾಳೆ.

ರೊಟ್ಟಿ ಹೊರುವವಳಿಗೆ ಹುಡುಗರ ಹಾಜರಿಯ ಉಸಾಬರಿ ಏಕೆ? ಕೇಳಿದರೆ ನಡೆಯುತ್ತಲೇ ಹೇಳುತ್ತಾಳೆ. ಗಂಡ ತೀರಿದ ಮೇಲೆ ಕಂಡವರ ಮನೆಯ ರೊಟ್ಟಿ ಬಡಿದು ಮಗ ಈರಪ್ಪನನ್ನು ಕಾಲೇಜಿಗೆ ಕಳಿಸಿದವಳು ಆಕೆ. ಮೊದಲ ವರ್ಷವೇ ಕಬ್ಬಿನ ಗಾಣದ ಹಂಗಾಮು ಬಂತೆಂದು ತಿಂಗಳೊಪ್ಪತ್ತು ಮನೆಗೆ ಕರೆಸಿಕೊಂಡಳು. ಪರೀಕ್ಷೆ ಇರುವುದು ಮಾರ್ಚಿನಲ್ಲಿ ತಾನೇ ಎಂಬ ಧೈರ್ಯ. ಹುಡುಗ ತಿರುಗಿ ಹೋದಾಗ ಹಾಜರಿ ಸಾಲದೆಂದು ಕಾಲೇಜಿನವರು ಆ ಟರ್ಮು ಲೆಕ್ಕಕ್ಕೆ ಹಿಡಿಯಲಿಲ್ಲ, ಪರೀಕ್ಷೆಗೇ ಕೂಡಿಸಲಿಲ್ಲ. ನಾಚಿಕೆಪಟ್ಟು ಊರಿಗೆ ಬಂದ ಈರಪ್ಪ ಮತ್ತೆ ಅತ್ತ ಹೊರಳಲಿಲ್ಲ. ಈಗಲೂ ಅದೇ ಗಾಣದಲ್ಲಿ ಬೆಲ್ಲ ಕಾಯಿಸುತ್ತಾನೆ.

"ಕೆಟ್ಟ ಮ್ಯಾಲೆ ಬುದ್ಧಿ ಬಂತ್ರೀ. ಅಂವಂದೇನೂ ತಪ್ಪಿಲ್ಲ, ಕರದಾಕಿ ನಾನು. ಅಂವಾ ಒಂದಿನಾನೂ ಅದನ್ನ ಎತ್ತಿ ಆಡಿಲ್ಲ. ಆಡಿದ್ರ ನನಗ ಹಗುರ ಆಗತಿತ್ತು."

ಹಟ್ಟಿಯಲ್ಲಿ ಅಪ್ಪ, ಮಗ ಕುರಿಯ ಉಣ್ಣೆ ಕತ್ತರಿಸುತ್ತ ಕುಳಿತಿದ್ದಾರೆ. ಪಾಂಡಪ್ಪನ ಹಣೆಯ ಮೇಲೆ ಬೀರದೇವರ ಭಂಡಾರದ ಅರಿಶಿನ. ಭಾಗವ್ವನನ್ನು ಕಂಡ ಲಗಮಣ್ಣ ತಲೆ ಎತ್ತುವುದಿಲ್ಲ.

"ಇನ್ನ ಹದಿನೈದು ದಿನದ ಕೆಲಸ ಐತಿ ಅಕ್ಕಾ," ಎನ್ನುತ್ತಾನೆ ಪಾಂಡಪ್ಪ. "ಪರೀಕ್ಷಾ ಶಿವರಾತ್ರಿ ಆದ ಮ್ಯಾಲಂತ. ಆವಾಗ ಕಳಸ್ತೇನಿ. ಓದೂದು ಇಲ್ಲೇ ಓದತಾನ."

"ಸಂಜಿಮುಂದ ಕುರಿ ಎಣಸ್ತಿ ಹೌದಿಲ್ಲೋ ಪಾಂಡಣ್ಣ?"

"ದಿನಾ ಎಣಸ್ತೇನಿ."

"ಮಾರೂದು ಸಂತ್ಯಾಗ. ಸಂತಿ ದಿನ ಅಷ್ಟ ಎಣಿಸಿದ್ರ ಆಗೂದಿಲ್ಲೇನು?"

ಪಾಂಡಪ್ಪನಿಗೆ ನಗು ಬರುತ್ತದೆ. "ಅಲ್ಲೀಮಟ ತ್ವಾಳ ಬಿಡತೈತೇನು?"

"ಕಾಲೇಜಿನ್ಯಾಗೂ ದಿನಾ ಎಣಸ್ತಾರ. ಎಣಿಕ್ಯಾಗ ಸಿಗದಾಂವನ್ನ ಪರೀಕ್ಷಾಕ್ಕ ಒಳಗ ಬಿಡೂದಿಲ್ಲ, ಎಷ್ಟ ಶಾಣ್ಯಾ ಇರಲಿ. ಇನ್ನ ಹದಿನೈದು ದಿನಾ ಇಟ್ಟಕೊಂಡ್ರ ಹುಡುಗನ ವರ್ಷ ಹೋತು ಅಂತ ತಿಳಿ."

ಕತ್ತರಿ ನಿಲ್ಲುತ್ತದೆ. ಪಾಂಡಪ್ಪ ಮಗನ ಕಡೆ ತಿರುಗುತ್ತಾನೆ. "ಖರೇ ಏನಲೇ?"

"ಹೌದಪ್ಪಾ," ಎನ್ನುತ್ತಾನೆ ಲಗಮಣ್ಣ. "ನೀ ಒಬ್ಬಾಂವ ದುಡೀಬೇಕಾಗತೈತಂತ ಹೇಳಲಿಲ್ಲ."

ಪಾಂಡಪ್ಪ ಮಗನ ಕೈಯಿಂದ ಕತ್ತರಿ ಇಸಿದುಕೊಳ್ಳುತ್ತಾನೆ. "ನಮಗ ಯಾರ ಹೇಳಬೇಕಿತ್ತು ಅಕ್ಕಾ, ಇದನ್ನೆಲ್ಲ?" ಎಂಬ ಅವನ ಮಾತಿನಲ್ಲಿ ಸಿಟ್ಟಿಲ್ಲ, ಸಂಕಟವಿದೆ.

ಮರುದಿನದ ಬಸ್ಸಿಗೆ ಲಗಮಣ್ಣ ಬುತ್ತಿಯ ಸಮೇತ ಹತ್ತುತ್ತಾನೆ. ಉಣ್ಣೆಯ ಕೆಲಸಕ್ಕೆ ಅವನ ತಾಯಿ ಹಣಮವ್ವ ತನ್ನ ತಮ್ಮನನ್ನು ಕರೆಸಿಕೊಂಡಿದ್ದಾಳೆ. ಪಕ್ಕದ ಸೀಟಿನಲ್ಲಿ ಕುಳಿತ ಭಾಗವ್ವ ಹುಡುಗನಿಗೆ ಬುದ್ಧಿ ಹೇಳುವ ಗೋಜಿಗೆ ಹೋಗದೆ ತೂಕಡಿಸುತ್ತಾಳೆ.

ಇಷ್ಟೆಲ್ಲ ಮಾಡುವ ಆಕೆಗೆ ತನಗಾಗಿ ಏನೂ ಬೇಡವೇ? ಬಾಗಲಕೋಟೆಯಲ್ಲಿ ಇಳಿದು ನಿನ್ನೆಯ ಗಂಟುಗಳ ಖಾಲಿ ಅರಿವೆ ಕೂಡಿಸುತ್ತಿರುವಾಗ ಕೇಳಿದರೆ ಮೊದಲು ನಗುತ್ತಾಳೆ.

"ಕಾಲೇಜಿನ ಕಿಡಿಕಿ ಹೊರಗ ನಿಂತು, ಮಾಸ್ತರು ಹೆಸರು ಕರಿಯೂದು ಒಮ್ಮೆ ಕೇಳಬೇಕ್ರೀ. ಈರಪ್ಪ ಗಾಣದಾಗ ಇದ್ದಾಗ ಅಲ್ಲಿ ಅಂವನ ಹೆಸರು ಕರದ್ರ ಯಾರೂ 'ಓ' ಅನ್ನಲಿಲ್ಲ. ಈ ಮಕ್ಕಳ ಪೈಕಿ ಒಂದು ಹೆಸರೂ ಹಂಗ ಖಾಲಿ ಹೋಗಬಾರದು."