ಎಂ.ಎಲ್.ಎ. ಓದಲಾರದ ಅರ್ಜಿ

ನಮ್ಮ ಬೀದಿಯಲ್ಲಿ ಪಾವು ಹಾಕಿದ ಬೆಳಿಗ್ಗೆ ಯಾವ ಗಾಡಿಯೂ ಒಳಗೆ ಬರುವ ಹಾಗಿಲ್ಲ. ಪಾವು ಎಂದರೆ, ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಗಂಜಿ ಬಳಿದು, ಎರಡೂ ಕಡೆ ಜನ ನಿಂತು, ಒಣಗುವವರೆಗೂ ಕುಂಚದಿಂದ ತೀಡುತ್ತಿರಬೇಕು. ನಡುವೆ ಕೈ ಬಿಟ್ಟರೆ ಎಳೆಗೆ ಎಳೆ ಅಂಟಿ ಎಲ್ಲರ ಶ್ರಮವೂ ಮಣ್ಣುಪಾಲು. ಹಾಗಾಗಿ ಅವತ್ತು ಎಂ.ಎಲ್.ಎ. ಅವರ ಜೀಪು ಬೀದಿಯ ಬಾಯಲ್ಲೇ ನಿಂತಿತು. ಅವರು ಇಳಿದು ನಡೆದೇ ಬಂದರು. ಕೈ ಮುಗಿಯಲು ಕೂಡ ಯಾರೂ ಕುಂಚ ಕೆಳಗಿಡಲಿಲ್ಲ, ತಲೆ ಆಡಿಸಿದೆವು ಅಷ್ಟೇ.

ಇದು ಎಂಬತ್ತರ ದಶಕದ ನಡುವಿನ ಮಾತು. ತಮಿಳುನಾಡಿನ ಕುನ್ನತ್ತೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದ ಊರು ನಮ್ಮದು. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನ ಮನೆಯವರೂ ಕನ್ನಡದವರೇ, ತಲೆತಲಾಂತರದಿಂದ ಇಲ್ಲೇ ನೇಯುವವರು. ಆದರೆ ಅವರಿಗೆ ಕನ್ನಡ ಬಾಯಲ್ಲಿ ಮಾತ್ರ, ಓದು ಬರಹವೆಲ್ಲ ತಮಿಳು. ನನ್ನದು ಬೇರೆ ಕಥೆ. ತಮಿಳು ಮಾತು ಎರಡೇ ವರ್ಷದಲ್ಲಿ ನಾಲಿಗೆಗೆ ಹತ್ತಿತು, ಅಕ್ಷರ ಮಾತ್ರ ತಲೆಗೆ ಹತ್ತಲೇ ಇಲ್ಲ. ಬಸ್ಸಿನ ಬೋರ್ಡು ಓದುವುದಕ್ಕೂ ಮಗಳನ್ನು ಕೇಳಬೇಕಿತ್ತು.

ಆ ಮಗಳು ಆಗ ಎಂಟನೇ ತರಗತಿಯ ಕೊನೆಯಲ್ಲಿದ್ದಳು. ನಮ್ಮೂರ ಶಾಲೆಯೂ ಅಲ್ಲಿಗೇ ಮುಗಿಯುತ್ತಿತ್ತು. ಒಂಬತ್ತನೇ ತರಗತಿಗೆ ಕುನ್ನತ್ತೂರಿಗೆ ಹೋಗಬೇಕೆಂದರೆ ಬೆಳಗಿನ ಬಸ್ಸು ಬರುವುದೇ ಹತ್ತು ಗಂಟೆಗೆ. ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದು ಭಾನುವಾರ ಮಾತ್ರ ಬರುತ್ತಿದ್ದರು. ಮನೆಯಲ್ಲಿ ಮಾವನದೇ ಮಾತು.

"ಪಳ್ಳಿಕೂಡ ಸಾಕು ಕಣವ್ವಾ," ಎಂದಿದ್ದರು ಮಾವ. "ಎಂಟು ಓದವ್ಳೆ. ಇನ್ನು ತರೀಲಿ ಕೂತ್ಕಳ್ಲಿ."

ಪಳ್ಳಿಕೂಡ ಎಂದರೆ ಶಾಲೆ, ತರಿ ಎಂದರೆ ಮಗ್ಗ. ನನ್ನನ್ನು ಏಳನೆಯದಕ್ಕೇ ಬಿಡಿಸಿ ಹೀಗೇ ಕೂರಿಸಿದ್ದರು. ಆ ಸಂಕಟ ನನಗೆ ಇವತ್ತಿಗೂ ಆರಿಲ್ಲ. ಮಗಳಿಗೆ ಅದು ಬರಕೂಡದು ಎಂದು ನಾನು ಹಟ ಹಿಡಿದಿದ್ದೆ.

ಎಂ.ಎಲ್.ಎ. ಬರುತ್ತಾರೆಂದು ಗೊತ್ತಾದಾಗ ಒಂದು ಹಾಳೆಯಲ್ಲಿ ನನ್ನ ಪ್ರಶ್ನೆ ಬರೆದುಕೊಂಡೆ. ಮಗಳ ಕೈಯಲ್ಲೇ ಬರೆಸಬಹುದಿತ್ತು. ತನ್ನ ಓದಿಗೆ ತಾನೇ ಅರ್ಜಿ ಹಾಕಿಕೊಂಡಳು ಎಂದು ಬೀದಿಯವರು ಆಡಿಕೊಳ್ಳುವುದು ಬೇಡವಾಗಿತ್ತು. ಆದ್ದರಿಂದ ತಮಿಳು ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದೆ, ತಡವರಿಸದೆ ಓದಿ ಹೇಳೋಣವೆಂದು.

ಅವರು ಪಾವಿನ ಪಕ್ಕದಲ್ಲೇ ನಡೆಯುತ್ತ ಒಬ್ಬೊಬ್ಬರಿಗೂ ಉತ್ತರ ಹೇಳಿದರು. ನೂಲಿನ ಬೆಲೆ ಯಾಕೆ ಇಳಿಯುವುದಿಲ್ಲ ಎಂದು ನೇಕಾರರ ಸೊಸೈಟಿಯ ಹಿರಿಯರು ಕೇಳಿದರು. ಆ ಮನುಷ್ಯ ಬುರುಡೆ ಬಿಡಲಿಲ್ಲ, ಅದಕ್ಕೆ ನಾನು ಇವತ್ತಿಗೂ ಗೌರವ ಕೊಡುತ್ತೇನೆ. ಮಿಲ್ಲುಗಳು ಲಾಭ ಬರುವ ಕಡೆಗೇ ನೂಲು ಕಳಿಸುತ್ತವೆ, ರಾಜ್ಯ ಸರ್ಕಾರ ರಿಬೇಟು ಕೊಡಬಲ್ಲದೇ ಹೊರತು ಎಲ್ಲವೂ ಅದರ ಕೈಯಲ್ಲಿಲ್ಲ ಎಂದರು. ಪವರ್‌ಲೂಮ್‌ ಮುಂದೆ ಕೈಮಗ್ಗ ಎಷ್ಟು ದಿನ ನಿಲ್ಲುತ್ತದೋ ತಿಳಿಯದು, ಮಕ್ಕಳಿಗೆ ಬೇರೆ ಕೆಲಸವನ್ನೂ ಕಲಿಸಿ ಎಂದರು. ಆದರೆ ಕೈಗೆ ಬಂದ ಅರ್ಜಿಗಳನ್ನೆಲ್ಲ ಮೇಲಿಂದ ಕೆಳಗೆ ಒಮ್ಮೆ ನೋಡಿ, "ಪಾಕ್ಕಲಾಂ", ನೋಡೋಣ ಎಂದು ಹೇಳಿ, ಹಿಂದೆ ಬರುತ್ತಿದ್ದವನ ಹಳದಿ ಚೀಲಕ್ಕೆ ಹಾಕುತ್ತಿದ್ದರು.

ನನ್ನ ಹತ್ತಿರ ಬಂದು ಕೈ ಚಾಚಿದರು. ಗಾಬರಿಯಲ್ಲಿ ನಾನೂ ಓದುವ ಬದಲು ಹಾಳೆಯನ್ನೇ ಕೊಟ್ಟುಬಿಟ್ಟೆ.

ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಏನಮ್ಮಾ ಇದು, ತೆಲುಗಾ?"

"ಅಕ್ಷರ ಕನ್ನಡ, ಮಾತು ತಮಿಳು, ಐಯಾ."

ಬೀದಿಯೆಲ್ಲ ನಕ್ಕಿತು. ಅವರೂ ನಕ್ಕರು. "ಹಾಗಾದರೆ ನೀವೇ ಓದಿ," ಎಂದು ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಎಲ್ಲರ ಅರ್ಜಿಯೂ ಚೀಲ ಸೇರಿತ್ತು, ನನ್ನದೊಂದು ವಾಪಸ್ ಬಂತು. ಗಟ್ಟಿಯಾಗಿ ಓದಿದೆ: ನಮ್ಮೂರಿಗೆ ಒಂಬತ್ತನೇ ತರಗತಿ ಯಾವಾಗ ಕೊಡುತ್ತೀರಿ? ಹಾಳೆಯಲ್ಲಿ ಇದ್ದದ್ದು ಅಷ್ಟೇ. ಮುಂದಿನದು ಬಾಯಿಗೆ ತಾನಾಗಿ ಬಂತು. "ಮಕ್ಕಳಿಗೆ ಬೇರೆ ಕೆಲಸ ಕಲಿಸಿ ಅಂತ ಈಗಷ್ಟೇ ನೀವೇ ಹೇಳಿದಿರಿ. ಎಂಟಕ್ಕೇ ಶಾಲೆ ಮುಗಿದರೆ ಎಲ್ಲಿ ಕಲಿಯೋದು?"

"ಪಾಕ್ಕಲಾಂ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಯಾವಾಗ ನೋಡ್ತೀರಿ, ಐಯಾ? ಪಾವು ಒಣಗೋದ್ರೊಳಗೆ ಹೇಳಿ."

ಅವರು ನನ್ನನ್ನು ನೋಡಿದರು, ಆಮೇಲೆ ಪಾವಿನ ಆಚೆ ಬದಿ ಕುಂಚ ಹಿಡಿದು ನಿಂತಿದ್ದ ನನ್ನ ಮಗಳನ್ನು ನೋಡಿದರು. "ಪಾಪಾ, ಇವತ್ತು ಶಾಲೆ ಇಲ್ಲವಾ?"

ಶಾಲೆ ಇತ್ತು. ಬೀದಿಯ ಇನ್ನೂ ಆರೇಳು ಹುಡುಗಿಯರು ಅವಳ ಸಾಲಿನಲ್ಲೇ ನಿಂತಿದ್ದರು. ಪಾವಿನ ದಿನ ಹುಡುಗಿಯರನ್ನು ಶಾಲೆಗೆ ಕಳಿಸದಿರುವುದು ಎಷ್ಟು ರೂಢಿಯಾಗಿತ್ತೆಂದರೆ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

"ತರಗತಿ ಕೊಡಿ ಅಂತ ವಿಧಾನಸಭೆಯಲ್ಲಿ ನಾನು ಎದ್ದು ನಿಂತರೆ, ಮಕ್ಕಳೆಲ್ಲಿ ಅಂತ ಮಂತ್ರಿ ಕೇಳ್ತಾರೆ," ಎಂದರು. ದನಿಯಲ್ಲಿ ಕೊಂಕು ಇರಲಿಲ್ಲ. "ಒಂಬತ್ತಕ್ಕೆ ಕಳಿಸ್ತೀವಿ ಅಂತ ತಂದೆತಾಯಿಗಳ ಸಹಿ ಇರೋ ಪಟ್ಟಿ ತನ್ನಿ. ಆಮೇಲೆ ನನ್ನ ಕೊರಳುಪಟ್ಟಿ ಹಿಡೀರಿ."

ನನಗೆ ನಾಚಿಕೆಯಾಯಿತು. ನಾಚಿಕೊಂಡು ಕೂರುವ ಜಾತಿಯವಳಲ್ಲ ನಾನು. ಪಾವಿನ ತುದಿ ಸುತ್ತಿ ಆಚೆಗೆ ಹೋಗಿ ಮಗಳ ಕೈಯಿಂದ ಕುಂಚ ಕಿತ್ತುಕೊಂಡೆ. "ಓಡು, ಇಸ್ಕೂಲಿಗೆ."

"ಒಂದ್ ಕೈ ಕಮ್ಮಿ ಆಯ್ತದೆ!" ಪಾವಿನ ತಲೆಯಲ್ಲಿ ಕೂತು ಎಲ್ಲರಿಗೂ ಹದ ಹೇಳುತ್ತಿದ್ದ ಮಾವ ಕೂಗಿದರು.

"ನಂಗೆ ಎಲ್ಡು ಕೈ ಇಲ್ವಾ ಮಾವಾ?" ಎಂದೆ. ಹಾಗೆಂದೆನೇ ಹೊರತು ಎರಡೂ ಬದಿ ಓಡಾಡಿ ತೀಡುವಷ್ಟರಲ್ಲಿ ನನ್ನ ಪಾಲಿನ ನೂಲು ಅಲ್ಲಲ್ಲಿ ಅಂಟಿಕೊಂಡಿತು. ಮಾವ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ.

ಆ ಎಂಟು ದಿನ ನಾನು ಮನೆ ಮನೆ ಹತ್ತಿಳಿದೆ. ಕೆಲವರು ಕಾಫಿ ಕೊಟ್ಟು ಸಹಿ ಕೊಡಲಿಲ್ಲ. ಒಬ್ಬಾಕೆ, "ನಿನ್ ಮಗ್ಳು ಕಲೆಕ್ಟರ್ ಆಗ್ಲಿ, ನಮ್ ಹುಡ್ಗೀಗೆ ಗಂಡು ಸಿಕ್ರೆ ಸಾಕು," ಎಂದಳು. ಆಕೆಯ ಮನೆಗೆ ನಾಲ್ಕು ಸಲ ಹೋದೆ. ನಾಲ್ಕನೆಯ ಸಲ, ಕಾಟ ತಡೆಯಲಾರದೆ ಗಂಡನ ಕೈಯಿಂದ ಸಹಿ ಹಾಕಿಸಿದಳು. ನನ್ನ ಗಂಡ ಭಾನುವಾರ ಬಂದವರೇ ಏನೂ ಕೇಳದೆ ಸಹಿ ಹಾಕಿದರು. ಹೆಸರುಗಳನ್ನು ನಾನು ಕನ್ನಡದಲ್ಲಿ ಬರೆದಿದ್ದೆ, ಮಗಳು ತಮಿಳಿಗೆ ಇಳಿಸಿದಳು. ಪಟ್ಟಿಯನ್ನು ನಾನೇ ಎಂ.ಎಲ್.ಎ. ಅವರ ಮನೆಗೆ ಒಯ್ದು ಕೊಟ್ಟೆ. ಅವರು ನನ್ನ ಮುಂದೆಯೇ ಪೂರ್ತಿ ಓದಿದರು.

ಆ ಜೂನಿಗೆ ತರಗತಿ ಬರಲಿಲ್ಲ. ಮಗಳು ಒಮ್ಮೆ ಮಗ್ಗದಲ್ಲಿ ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆಡ್‌ಮಾಸ್ಟರನ್ನು ಕಾಡಿ ಬೇಡಿ, ಪಾಸಾದ ಮಗಳನ್ನೇ ಮತ್ತೊಂದು ವರ್ಷ ಎಂಟರಲ್ಲಿ ಕೂರಿಸಿದೆ. ಫೇಲಾದಳೇ ಎಂದು ಕೇಳಿದವರಿಗೆಲ್ಲ ಹೌದು ಎಂದೆ. ಅವಳು ಅತ್ತಳು, ನಾನು ಜಗ್ಗಲಿಲ್ಲ.

ಮರುವರ್ಷ ಮಂಜೂರಾತಿ ಬಂತು. ಒಂಬತ್ತನೇ ತರಗತಿ ಶುರುವಾಗುವ ಬೆಳಿಗ್ಗೆಯೇ ನಮ್ಮ ಪಾವೂ ಇತ್ತು. ಮುಹೂರ್ತ ನೋಡಿ ಇಟ್ಟವರು ಮಾವ. ಬೇಕೆಂದೇ ಇಟ್ಟಿದ್ದಾರೆ ಎಂದು ನಾನು ಜಗಳಕ್ಕೆ ತಯಾರಾಗಿಯೇ ಕುಂಚ ಹಿಡಿದಿದ್ದೆ. ಮಗಳು ಹೊಸ ದಾವಣಿ ಉಟ್ಟು, ಏನು ಮಾಡಬೇಕೆಂದು ತಿಳಿಯದೆ, ಕುಂಚ ಹಿಡಿದು ಎದುರು ಸಾಲಿಗೆ ಬಂದಳು. ಶಾಲೆಯ ಮೊದಲ ಗಂಟೆ ಹೊಡೆಯಿತು.

ಪಾವಿನ ತಲೆಯಿಂದ ಮಾವ ಎದ್ದರು. ಮೆಲ್ಲಗೆ ನಡೆದು ಬಂದು ಅವಳ ಕೈಯಿಂದ ಕುಂಚ ತೆಗೆದುಕೊಂಡು ಅವಳ ಜಾಗದಲ್ಲಿ ನಿಂತರು.

"ಪಳ್ಳಿಕೂಡಕ್ಕೆ ಹೊತ್ತಾಯ್ತು, ಹೋಗವ್ವಾ," ಎಂದರು.