ಅಕ್ಕನ ಗಾಡಿಗೆ ಹಳೇ ಇಂಜಿನ್

ಬೆಳಿಗ್ಗೆ ಭದ್ರಾವತಿಯಿಂದ ಅಕ್ಕ ಯಾರ ಕೈಲೋ ಹೋಳಿಗೆ ಕಳಿಸಿದ್ದಳು. ಡಬ್ಬಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಲೇ ನನ್ನ ಹೆಂಡತಿ ಮುಖ ಸಿಂಡರಿಸಿದಳು. "ಡೀಸೆಲ್ ವಾಸ್ನೆ ರೀ." ನಾನು ಬಟ್ಟೆ ಇಸಿದುಕೊಂಡು ಮೂಸಿದೆ. ಹೌದು, ಡೀಸೆಲ್ಲೇ, ಜೊತೆಗೆ ಒಂಚೂರು ಏಲಕ್ಕಿ. ಹೋಳಿಗೆಗೆ ವಾಸನೆ ಹತ್ತಿರಲಿಲ್ಲ, ಹಾಗಾಗಿ ಎರಡು ತಿಂದೆ. ಆದರೆ ಎದೆ ಮಾತ್ರ ಸುಮ್ಮಸುಮ್ಮನೆ ಹೊಡೆದುಕೊಳ್ಳಲು ಶುರುಮಾಡಿತು. ಹೋಳಿಗೆ ತಿಂದು ಗಾಬರಿಯಾಗುವ ಮನುಷ್ಯ ಶಿವಮೊಗ್ಗದ ಇಡೀ ವಿದ್ಯಾನಗರದಲ್ಲಿ ನಾನೊಬ್ಬನೇ ಇರಬೇಕು.

ನಾನು ಅಂಜುಬುರುಕ. ಅದಕ್ಕೆ ನೌಕರಿಯೇ ಕಾರಣ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ವಿಮಾ ಕಚೇರಿಯಲ್ಲಿ ಕೂತು ವಾಹನ ಅಪಘಾತದ ವಿವರಗಳನ್ನು ಓದುವುದೇ ನನ್ನ ಕೆಲಸವಾಗಿತ್ತು. ಯಾವ ಗಾಡಿ ಎಲ್ಲಿ ಹೇಗೆ ಉರುಳಿತು, ಬ್ರೇಕ್ ಯಾಕೆ ಹಿಡಿಯಲಿಲ್ಲ, ಎಮ್ಮೆ ಯಾವ ಕಡೆಯಿಂದ ಅಡ್ಡ ಬಂತು. ಇದನ್ನೇ ಓದುತ್ತಾ ತಲೆ ನೆರೆತವನಿಗೆ ನಿಂತ ಗಾಡಿ ಕಂಡರೂ ಉರುಳಿದ ಗಾಡಿಯೇ ಕಾಣುತ್ತದೆ. ಅಕ್ಕ ಇದನ್ನು ಒಪ್ಪುವುದಿಲ್ಲ. "ತೊಟ್ಟಿಲು ತೂಗಿದ್ರೆ ಕಿರುಚ್ತಿದ್ದೆ ನೀನು. ನೌಕರಿ ಮೇಲ್ಯಾಕೆ ಹಾಕ್ತೀಯ?" ಎನ್ನುತ್ತಾಳೆ.

ಅಕ್ಕನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳ ಮನೆ, ಮನೆಯ ಹಿಂದೆ ಅವಳ ಅಡುಗೆ ಕೋಣೆ. ಭಾವ ತೀರಿಕೊಂಡ ಮೇಲೆ ಮದುವೆ, ಮುಂಜಿ, ತಿಥಿ ಎಲ್ಲಕ್ಕೂ ಅಡುಗೆ ಮಾಡಿಕೊಡುವ ಕೆಲಸ ಹಿಡಿದಳು. ಬೇರೆ ಅಡುಗೆಯವರೆಲ್ಲ ಕಾರ್ಯದ ಮನೆಗೇ ಹೋಗಿ ಒಲೆ ಹೂಡುತ್ತಾರೆ. ಅಕ್ಕ ಹಾಗಲ್ಲ. ತನ್ನ ಒಲೆ, ತನ್ನ ನೀರು, ತನ್ನ ಪಾತ್ರೆ. ಭದ್ರೆಯ ನೀರಿನಲ್ಲಿ ಬೇಳೆ ಬೆಂದಷ್ಟು ಹದವಾಗಿ ಜಗತ್ತಿನಲ್ಲಿ ಇನ್ನೆಲ್ಲೂ ಬೇಯುವುದಿಲ್ಲ ಎಂದು ಅವಳ ವಾದ. ತುಂಗೆಯ ನೀರು ಕುಡಿದು ಬೆಳೆದ ನನ್ನ ಹೆಂಡತಿಗೂ ಅವಳಿಗೂ ಈ ವಿಷಯದಲ್ಲಿ ಮಾತು ಬೆಳೆದು, ಒಂದು ಯುಗಾದಿ ಹಬ್ಬವೇ ಮೌನವಾಗಿ ಕಳೆದುಹೋಗಿತ್ತು. ಅದಿರಲಿ. ಅಡುಗೆಯೆಲ್ಲ ಓಲ್ಡ್ ಟೌನಿನಲ್ಲೇ ಆಗಿ, ಬಿಸಿ ಆರುವ ಮೊದಲು ಎಲೆಗೆ ಬೀಳಬೇಕು. ಎಲೆ ಇರುವುದು ಯಾವುದೋ ಗುಡ್ಡದ ಮೇಲೆ. ಹಾಗಾಗಿ ಅಕ್ಕನಿಗೆ ಒಲೆ ಎಷ್ಟು ಮುಖ್ಯವೋ ಗಾಡಿಯೂ ಅಷ್ಟೇ ಮುಖ್ಯ.

ಮೊದಲು ಭಾವನ ಜೀಪಿತ್ತು. ಅದು ಭದ್ರಾ ಸೇತುವೆ ಹತ್ತಿದರೆ ಓಲ್ಡ್ ಟೌನಿನವರಿಗೆಲ್ಲ ಗೊತ್ತಾಗುತ್ತಿತ್ತು, ಅಷ್ಟು ಸದ್ದು. ಮೈಯೆಲ್ಲ ತುಕ್ಕು ತಿಂದು, ಕಾಲಿಟ್ಟಲ್ಲಿ ರಸ್ತೆ ಕಾಣತೊಡಗಿದಾಗ ಅಕ್ಕ ಅದನ್ನು ಗುಜರಿಗೆ ಕೊಟ್ಟಳು. ಇಂಜಿನ್ ಮಾತ್ರ ಕೊಡಲಿಲ್ಲ. ಅದನ್ನು ಹಿತ್ತಲ ಜಗುಲಿಯಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಗೋಣಿತಾಟು ಹೊದಿಸಿ, ತೊಳೆದ ಪಾತ್ರೆಗಳನ್ನು ಅದರ ಮೇಲೆ ಬೋರಲು ಹಾಕುತ್ತಿದ್ದಳು. ಜೀಪಿನ ಬದಲಿಗೆ ಕಾಫಿ ಎಸ್ಟೇಟಿನವರೊಬ್ಬರಿಂದ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಕೊಂಡಳು. ಒಬ್ಬರ ಕೈ ದಾಟಿದ್ದರೂ ನಮಗದು ಹೊಸದೇ. ಸ್ಟಾರ್ಟ್ ಆಗಿದೆಯೋ ಇಲ್ಲವೋ ಎಂದು ಕೇಳಿ ತಿಳಿದುಕೊಳ್ಳಬೇಕಾದಷ್ಟು ಮೆತ್ತಗಿತ್ತು. ಡ್ಯಾಶ್‌ಬೋರ್ಡಿನ ತುಂಬ ಪುಟ್ಟ ಪುಟ್ಟ ದೀಪಗಳು. ನನಗೆ ಬಹಳ ಸಮಾಧಾನವಾಗಿತ್ತು.

ಆ ಸಮಾಧಾನ ಮುರಿದದ್ದು ಲಕ್ಕವಳ್ಳಿ ಕಡೆಯ ಒಂದು ಶಿವಗಣಾರಾಧನೆಯ ದಿನ. ಕಾಡಿನ ರಸ್ತೆಯಲ್ಲಿ ಹಳದಿ ದೀಪವೊಂದು ಹತ್ತಿತು. ಗಾಡಿ ಏದುಸಿರು ಬಿಡುತ್ತಾ ಸ್ವಲ್ಪ ದೂರ ಹೋಗಿ ನಿಂತೇಬಿಟ್ಟಿತು. ಸಿಗ್ನಲ್ ಸಿಗುವ ಜಾಗ ಹುಡುಕಿ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ಗಾಡಿಗೆ ಕಂಪ್ಯೂಟರ್ ಜೋಡಿಸಿ ನೋಡಬೇಕು, ಎಳೆದುಕೊಂಡು ಬನ್ನಿ ಎಂದರಂತೆ. ಕಾರ್ಯದ ಮನೆಗೆ ಫೋನ್ ತಾಗಲಿಲ್ಲ, ಅವರಿಗೆ ಅಕ್ಕ ಎಲ್ಲಿದ್ದಾಳೆಂದೇ ಗೊತ್ತಿಲ್ಲ. ಊಟ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು, ಅನ್ನ ಗಟ್ಟಿಯಾಗಿತ್ತು. ದೂರದಿಂದ ಬಂದವರಿಗೆ ಬಾಳೆಹಣ್ಣು, ಹಾಲು ಕೊಟ್ಟು ಕೂರಿಸಿದ್ದರು. ಗಂಡನನ್ನು ಕಳೆದುಕೊಂಡಿದ್ದ ಆ ಮನೆಯಾಕೆ, "ಇರ್ಲಿ ಬಿಡಮ್ಮ, ಏನ್ ಮಾಡಕ್ಕಾಗುತ್ತೆ" ಎಂದರಂತೆ. ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಆಮೇಲೆ ಒಪ್ಪಿಕೊಂಡಿದ್ದ ಎರಡು ಮನೆಯವರು ಏನೇನೋ ನೆಪ ಹೇಳಿ ಬೇರೆಯವರನ್ನು ಕರೆದರು.

"ಇನ್ನೊಂದ್ಸಲ ಹಿಂಗಾದ್ರೆ ನನ್ನ ಒಲೆ ಆರಿತು ಅಂತ್ಲೇ ತಿಳ್ಕೋ" ಎಂದು ಅಕ್ಕ ನನ್ನೆದುರು ಅತ್ತಳು. ಭಾವ ಸತ್ತಾಗ ಎಲ್ಲರೆದುರು ಅಳದಿದ್ದವಳು ಅವಳು. ಮೂಗು ಒರೆಸಿಕೊಂಡು, "ಆ ತಲೆ ಇರೋ ಇಂಜಿನ್ ಬೇಡ ಮಾರಾಯ. ಅದಕ್ಕೆ ಏನಾಗುತ್ತೋ ಅದನ್ನ ಮಾಡಿದವರಿಗೂ ಗೊತ್ತಾಗಲ್ಲ. ಜಗುಲೀಲಿ ಇರೋದನ್ನೇ ಇದಕ್ಕೆ ಹಾಕ್ಸ್ತೀನಿ" ಎಂದಳು.

ಹೊಸ ಗಾಡಿಗೆ ಹಳೇ ಇಂಜಿನ್! ನೌಕರಿಯಲ್ಲಿದ್ದಾಗ ನಾನು ಓದಿದ್ದ ಎಲ್ಲ ಅಪಘಾತಗಳೂ ಒಂದೇ ಸಲಕ್ಕೆ ನೆನಪಾದವು. ಆದರೆ ಅಕ್ಕ ಆಗಲೇ ಸೆಲ್ವನಿಗೆ ಹೇಳಿಕಳಿಸಿದ್ದಳು.

ಸೆಲ್ವ ಅವಳ ಬೀದಿಯ ತುದಿಯಲ್ಲಿದ್ದ ಮೆಕ್ಯಾನಿಕ್. ಅವನ ಅಜ್ಜ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಮೆಕ್ಯಾನಿಕ್ ಎಂದರೆ ಧೈರ್ಯ ಹೇಳುತ್ತಾನೆಂದು ನಾನು ನಂಬಿದ್ದೆ. ಅವನೋ ನನಗಿಂತ ಪುಕ್ಕಲ. "ಇಂಜಿನ್ ಇಳ್ಸೋದು ಸುಲಭ ಸಾರ್, ಕೂರ್ಸೋದೇ ಭಯ. ನಾನು ಇಂಥದ್ದು ಮಾಡಿಲ್ಲ. ಹೇಳಿದ್ರೆ ಅಕ್ಕ ಕೇಳಲ್ಲ" ಎಂದ. ನಮ್ಮಿಬ್ಬರಿಗೂ ಬಹಳ ಹೊಂದಿಕೆಯಾಯಿತು. ನಾನು ಶಿವಮೊಗ್ಗದಿಂದ ಬಸ್ಸು ಹತ್ತಿ ಹೋಗುವುದು, ಅವನ ಶೆಡ್ಡಿನಲ್ಲಿ ಟೀ ಕುಡಿಯುತ್ತಾ ಸರದಿಯ ಮೇಲೆ ಹೆದರುವುದು. ಅವನು ಗೇರ್‌ಬಾಕ್ಸಿಗೆ ಹೆದರಿದರೆ ನಾನು ಸಾರಿಗೆ ಕಚೇರಿಗೆ ಹೆದರುತ್ತಿದ್ದೆ.

ಹೆದರಿಕೆಯಲ್ಲೇ ಕೆಲಸ ಸಾಗಿತು. ಇಂಜಿನ್ ಕೂರಿಸಿದರೆ ಅದರ ಹೊಟ್ಟೆ ಮುಂದಿನ ಆಕ್ಸಲಿಗೆ ತಾಗಿತು. ಎತ್ತರಿಸಿದರೆ ಬಾನೆಟ್ ಮುಚ್ಚಲಿಲ್ಲ. ಸೆಲ್ವ ತಲೆ ಮೇಲೆ ಕೈ ಹೊತ್ತು ಕೂತಾಗ ಅಕ್ಕ ಬಂದು ನೋಡಿದಳು, ಮನೆಗೆ ಹೋಗಿ ಒಂದು ಹಳೇ ಅಲ್ಯೂಮಿನಿಯಂ ಬೋಗುಣಿ ತಂದಳು. "ಬಾನೆಟ್ ಕತ್ತರಿಸಿ ಇದನ್ನ ಬೋರಲು ಹಾಕಿ ರಿವೆಟ್ ಹೊಡಿ. ಪಾಯಸಕ್ಕೆ ಸಾಕಾಗಿದ್ದು ಇದಕ್ಕೂ ಸಾಕಾಗುತ್ತೆ." ಹಾಗೇ ಆಯಿತು.

ಗಾಡಿಯ ಕಂಪ್ಯೂಟರು ಹೋಗಿದ್ದರಿಂದ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು, ಆರಲೇ ಇಲ್ಲ. ಒಂದೇ ದೀಪಕ್ಕೆ ಅಷ್ಟು ಅನಾಹುತ ಕಂಡಿದ್ದ ನಾನು ಇಡೀ ಸಾಲೇ ಉರಿಯುವುದನ್ನು ನೋಡಿ ಕಂಬ ಹಿಡಿದುಕೊಂಡೆ. ಅಕ್ಕನ ಜೊತೆ ಅಡುಗೆಗೆ ಬರುವ ರತ್ನ ತನ್ನ ಪರ್ಸಿನಿಂದ ಬಿಂದಿ ಪೊಟ್ಟಣ ತೆಗೆದು ಒಂದೊಂದು ದೀಪಕ್ಕೂ ಒಂದೊಂದು ಅಂಟಿಸಿದಳು. ಸೆಲ್ವ ಬೇರೆಯಾಗಿ ಒಂದು ಮುಳ್ಳಿನ ಮೀಟರ್ ಕೂರಿಸಿ, "ಇದು ಶಾಖ ತೋರ್ಸುತ್ತೆ ಸಾರ್, ಇದೊಂದನ್ನೇ ನೋಡಿ" ಎಂದ. ಇಂಜಿನ್ ನಂಬರು ಬದಲಾದದ್ದು ದಾಖಲಾಗುವವರೆಗೆ ಗಾಡಿಯನ್ನು ರಸ್ತೆಗಿಳಿಸಬಾರದೆಂದು ನಾನು ಹಟ ಹಿಡಿದೆ. ಅದೊಂದು ಹಟದಲ್ಲಿ ಮಾತ್ರ ಗೆದ್ದೆ. ತಪಾಸಣೆ ಮಾಡಿದವರು ಬಾನೆಟ್ ತೋರಿಸಿ "ಏನಮ್ಮ ಇದು?" ಎಂದರೆ ಅಕ್ಕ "ಬೋಗುಣಿ" ಎಂದಳು. ಅವರು ಇನ್ನೊಮ್ಮೆ ಬಗ್ಗಿ ನೋಡಿ ಸಹಿ ಹಾಕಿದರು.

ಮೊದಲ ಕೆಲಸ ಬಂದದ್ದು ಉಂಬ್ಳೇಬೈಲಿನಿಂದ ಒಳಗೆ, ಗುಡ್ಡದ ಮೇಲೆ ಕಟ್ಟಿದ ಮನೆಯೊಂದರ ಗೃಹಪ್ರವೇಶಕ್ಕೆ. ಅಕ್ಕ ಸ್ಟೇರಿಂಗ್ ಹಿಡಿದಳು. ನಾನು ಪಕ್ಕದಲ್ಲಿ, ರತ್ನ ಮತ್ತವಳ ಓರಗಿತ್ತಿ ಹಿಂದೆ ಸಾರಿನ ಪಾತ್ರೆ ಹಿಡಿದು ಕೂತರು. ಆ ಸದ್ದನ್ನು ಏನೆಂದು ಹೇಳಲಿ! ಮಾತಾಡಿದರೆ ಕೇಳುತ್ತಿರಲಿಲ್ಲ, ಹಾಗಾಗಿ ನನ್ನ ಗೊಣಗಾಟ ಯಾರಿಗೂ ತಲುಪಲಿಲ್ಲ. ನಾನು ಮೀಟರಿನ ಮುಳ್ಳನ್ನೇ ನೋಡುತ್ತಿದ್ದೆ. ಬಯಲಿನಲ್ಲಿ ನೆಟ್ಟಗಿದ್ದ ಮುಳ್ಳು ಏರು ಶುರುವಾದಂತೆ ಕೆಂಪಿನ ಕಡೆ ವಾಲಿತು. ಹಳೇ ಇಂಜಿನ್ನಿಗೆ ಹೊಸ ಗಾಡಿಯ ಭಾರ ಹೊರುವುದು ಕಷ್ಟವಾಗಿತ್ತು.

ಅರ್ಧ ಏರಿನಲ್ಲಿ ಅಕ್ಕ ನಿಲ್ಲಿಸಿದಳು. "ಇಳೀರಿ ಎಲ್ರೂ. ನೀವು ನಡ್ಕೊಂಡ್ ಬನ್ನಿ, ಊಟ ಮೊದ್ಲು ಹೋಗ್ಲಿ."

"ಅಕ್ಕಾ, ಮುಳ್ಳು ನೋಡು."

"ನೋಡಿದ್ದೀನಿ. ಇಳಿ ಮಾರಾಯ."

ನಾವು ಇಳಿದೆವು. ಗಾಡಿ ಹೊಗೆ ಬಿಡುತ್ತಾ ತಿರುವಿನಲ್ಲಿ ಮರೆಯಾಯಿತು. ಸದ್ದು ಮಾತ್ರ ಕೇಳುತ್ತಿತ್ತು. ತಿಂಗಳುಗಟ್ಟಲೆ ನಾನು ಶಪಿಸಿದ್ದ ಇಂಜಿನ್ ಅದು. ಈಗ ಅದರ ಸದ್ದಿಗೆ ಹೆಜ್ಜೆ ಹಾಕುತ್ತಾ, ಹೋಗಪ್ಪಾ, ಹೋಗು, ಎಂದುಕೊಳ್ಳುತ್ತಾ ಏರುತ್ತಿದ್ದೆ. ಇನ್ನೂ ಮೇಲೆ ಹೋಯಿತು, ಇನ್ನೂ ಸ್ವಲ್ಪ. ಆಮೇಲೆ ನಿಂತಿತು.

"ನಿಂತೋಯ್ತಲ್ಲ ಸಾರ್" ಎಂದಳು ರತ್ನ. "ಮನೆ ಮುಟ್ಟಿರ್ಬೋದಾ?"

ಮುಟ್ಟಿರಬಹುದು. ಕೆಟ್ಟಿರಬಹುದು. ಹಿಂದಕ್ಕೆ ಜಾರಿರಬಹುದು. ನಾನು ಓಡಿದೆ. ನನ್ನಂಥ ಹೊಟ್ಟೆಯವನು ಏರಿನಲ್ಲಿ ಓಡುವುದೆಂದರೆ ನೋಡುವವರಿಗೆ ತಮಾಷೆ. ಓಡುವಾಗ ನನಗೆ ಅಡುಗೆಯ ಹೆಸರು ಉಳಿಯುವುದು, ಒಲೆ ಆರುವುದು ಒಂದೂ ನೆನಪಿರಲಿಲ್ಲ. ಅನ್ನ ಹಾಳಾಗಲಿ, ಗಾಡಿ ಹಾಳಾಗಲಿ, ಅಕ್ಕ ಒಬ್ಬಳೇ ಇದ್ದಾಳಲ್ಲ, ಅಕ್ಕ ಇರಲಿ. ಅಷ್ಟೇ ಇತ್ತು ತಲೆಯಲ್ಲಿ.

ತಿರುವು ದಾಟಿದರೆ ಗಾಡಿ ನಡುರಸ್ತೆಯಲ್ಲಿ ನಿಂತಿತ್ತು. ಬೋಗುಣಿಯ ಸುತ್ತ ಹಬೆ ಏಳುತ್ತಿತ್ತು. ಅಕ್ಕ ಚಕ್ರಕ್ಕೆ ಕಲ್ಲು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಮೇಲಿನಿಂದ ಪಂಚೆ ಎತ್ತಿ ಕಟ್ಟಿದ ಗಂಡಸರು, ರೇಷ್ಮೆ ಸೀರೆಯ ಹೆಂಗಸರು ದಡಬಡ ಇಳಿದು ಬರುತ್ತಿದ್ದರು. ಒಬ್ಬರು ಆಗಲೇ ಅನ್ನದ ಪಾತ್ರೆಗೆ ಕೈ ಹಾಕಿದ್ದರು.

"ನಿಮಗ್ಯಾರು ಹೇಳಿದ್ದು?" ಎಂದು ಏದುಸಿರಿನಲ್ಲೇ ಕೇಳಿದೆ.

"ಹೇಳೋದೇನ್ ಬಂತು ಸ್ವಾಮಿ? ಕೆಳಗಿಂದ್ಲೇ ಕೇಳ್ತಾ ಇತ್ತಲ್ಲ ಸದ್ದು. ಇಲ್ಲಿಗೆ ಬಂದು ನಿಂತೋಯ್ತು. ಸರಿ, ಹೊತ್ಕೊಂಡ್ ಬರೋಣ ಅಂತ ಬಂದ್ವಿ."

ಎಲೆಗೆ ಬಿದ್ದ ಸಾರಿನಲ್ಲಿ ಹಬೆಯಾಡುತ್ತಿತ್ತು. ಉಂಡೆದ್ದವರು ಅಕ್ಕನನ್ನು ಹುಡುಕಿಕೊಂಡು ಬಂದು ಮುಂದಿನ ಕಾರ್ಯಗಳಿಗೆ ಹೇಳಿಹೋದರು. ನಾನು ಮೂಲೆಯಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದೆ. ಅಕ್ಕ ಬಂದು ತುಪ್ಪ ಬಡಿಸಿ, "ಓಡ್ಬೇಡ ಹಂಗೆಲ್ಲ, ವಯಸ್ಸಾಯ್ತು" ಎಂದಳು. ನನಗಿಂತ ದೊಡ್ಡವಳು ಅವಳು.

ಆಮೇಲೆ ಸೆಲ್ವ ದೊಡ್ಡ ರೇಡಿಯೇಟರ್ ಹಾಕಿದ. ಗಾಡಿ ಈಗ ಅಷ್ಟಾಗಿ ನಿಲ್ಲುವುದಿಲ್ಲ ಎನ್ನುತ್ತಾರೆ. ನಾನು ಮತ್ತೆ ಅದರಲ್ಲಿ ಕೂತಿಲ್ಲ, ಪ್ರತಿ ಸಲವೂ ಮಂಡಿ ನೋವು ಎಂದೋ, ಮಳೆ ಎಂದೋ ತಪ್ಪಿಸಿಕೊಂಡೆ. ಇಲ್ಲಿ ವಿದ್ಯಾನಗರದಲ್ಲಿ ಕೂತು, ಅವಳು ಈಗ ಎಲ್ಲಿರಬಹುದು, ಯಾವ ತಿರುವಿನಲ್ಲಿರಬಹುದು ಎಂದು ಸಂಕಟಪಡುವುದೇ ನನಗೆ ಸಲೀಸು ಎಂದುಕೊಂಡಿದ್ದೆ. ಸಲೀಸೇನಲ್ಲ. ಇಲ್ಲಿಗೆ ಅವಳ ಗಾಡಿ ಹೋಗುವುದೂ ಕೇಳುವುದಿಲ್ಲ, ನಿಲ್ಲುವುದೂ ಕೇಳುವುದಿಲ್ಲ.

ಇವತ್ತು ಬೆಳಿಗ್ಗೆ ಆ ಎರಡು ಹೋಳಿಗೆ ತಿಂದವನು ಕೈ ತೊಳೆದು ಬಂದು ಅಕ್ಕನಿಗೆ ಫೋನ್ ಮಾಡಿದೆ. "ನಾಳೆ ಯಾವ ಊರಿಗೆ?"

"ಯಾಕೆ? ಮತ್ತೆ ನಿನ್ನ ಇನ್ಶೂರೆನ್ಸ್ ಪುರಾಣ ಶುರು ಮಾಡ್ತೀಯ?"

"ಇಲ್ಲ. ನಾನೂ ಬರ್ತೀನಿ."

ಆ ಕಡೆ ಒಗ್ಗರಣೆ ಸಿಡಿಯುವುದು ಕೇಳಿತು. "ಏರು ಜಾಸ್ತಿ ಇದೆ. ಭಾರ ಅನ್ಸಿದ್ರೆ ಇಳಿಸ್ತೀನಿ, ನಡೀಬೇಕಾಗುತ್ತೆ."

"ನಡೀತೀನಿ. ಆದ್ರೆ ಒಂದು ಮಾತು, ಮೇಲೆ ಮುಟ್ಟಿದ ತಕ್ಷಣ ಇಂಜಿನ್ ಆಫ್ ಮಾಡ್ಬೇಡ. ನಾನು ಬಂದು ನಿನ್ನ ಮುಖ ನೋಡೋವರೆಗೂ ಓಡ್ತಾ ಇರ್ಲಿ."

"ಡೀಸೆಲ್ ಏನು ಪುಕ್ಕಟೆ ಬರುತ್ತಾ?" ಎಂದಳು. ಒಗ್ಗರಣೆ ಸಾರಿಗೆ ಬಿದ್ದು ಚೊಂಯ್ ಎಂದಿತು.

"ಆಯ್ತು ಬಾ, ಆಫ್ ಮಾಡಲ್ಲ" ಎಂದಳು.